ಶ್ರೀಲಂಕಾದಲ್ಲಿ ಗೆಳೆಯರ ಜೊತೆ ಹಕ್ಕಿ ನೋಡುವ ರೋಡ್ ಟ್ರಿಪ್: ಮೊದಲಿಂದ ಕೊನೆಯವರೆಗೆ ಹೇಗೆ ಮಾಡಬೇಕು

ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ, ಗಡಿಯಾರ ಕೂಡ ಬದಲಿಸಬೇಕಿಲ್ಲ. ಇದನ್ನೆಲ್ಲ ನೋಡಿ ‘ಕೊಡಗಿಗೆ ಹೋಗಿ ಬಂದ ಹಾಗೆ’ ಅಂದುಕೊಂಡು ಹೊರಡುವವರು ಜಾಸ್ತಿ. ವಾಪಸ್ ಬಂದಮೇಲೆ ಅವರು ಹೇಳುವ ಕಥೆಯೂ ಹೆಚ್ಚುಕಡಿಮೆ ಒಂದೇ. ಅರ್ಧ ದಿನವೆಲ್ಲ ಕಾರಲ್ಲೇ ಕಳೆಯಿತು, ಕಾಡು ಮುಟ್ಟುವಾಗ ಹತ್ತು ಗಂಟೆ, ಹಕ್ಕಿ ಸದ್ದಿಲ್ಲ, ಗೆಳೆಯರಲ್ಲಿ ಜಗಳ.

ಈ ಕಥೆಗೆ ಕಾರಣ ಪಟ್ಟಿ ಮಾಡುವ ರೀತಿ. ನಾವು ಊರುಗಳನ್ನು ಲೆಕ್ಕ ಹಾಕುತ್ತೇವೆ, ಲೆಕ್ಕ ಹಾಕಬೇಕಾದ್ದು ಬೆಳಗುಗಳನ್ನು. ಹಕ್ಕಿ ಚುರುಕಾಗಿರುವುದು ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಮತ್ತೆ ಸಂಜೆ ಮೂರೂವರೆಯಿಂದ ಕತ್ತಲಾಗುವವರೆಗೆ. ಈ ಎರಡು ಹೊತ್ತು ಕಾಡಲ್ಲಿ, ನಡುವಿನ ಹೊತ್ತು ರಸ್ತೆಯಲ್ಲಿ. ಕೆಳಗಿನ ಎಲ್ಲ ಹಂತಗಳೂ ಈ ಲೆಕ್ಕದ ಮೇಲೇ ನಿಂತಿವೆ.

ಹಂತ 1: ತಿಂಗಳು ಮೊದಲು, ರಜೆ ಆಮೇಲೆ

ಈ ದೇಶಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಸಿಂಹರಾಜ, ಕಿತುಲ್‌ಗಲ ಮಳೆಕಾಡುಗಳಿರುವ ತೇವದ ಭಾಗವನ್ನು ನೆನೆಸುತ್ತದೆ. ಡಿಸೆಂಬರ್ ಹೊತ್ತಿಗೆ ಈಶಾನ್ಯ ಮಾರುತ ಉತ್ತರ ಮತ್ತು ಪೂರ್ವದಲ್ಲಿ ಸುರಿಯುತ್ತದೆ. ನಡುವೆ ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲಿ ಬೇಕಾದರೂ ಮಧ್ಯಾಹ್ನದ ಗುಡುಗು ಮಳೆ.

ಹಕ್ಕಿ ನೋಡಲು ಜನವರಿಯಿಂದ ಮಾರ್ಚ್ ಮಧ್ಯದವರೆಗಿನ ಹೊತ್ತು ಒಳ್ಳೆಯದು. ಕಾಡು ಸ್ವಲ್ಪ ಒಣಗಿರುತ್ತದೆ, ಉತ್ತರದಿಂದ ಬಂದ ವಲಸೆ ಹಕ್ಕಿಗಳೂ ಇರುತ್ತವೆ. ಏಪ್ರಿಲ್ ಎರಡನೇ ವಾರ ಬೇಡ. ಸಿಂಹಳ ಮತ್ತು ತಮಿಳು ಹೊಸ ವರ್ಷಕ್ಕೆ ಇಡೀ ನಾಡೇ ಬೆಟ್ಟದ ಊರಾದ ನುವರ ಎಲಿಯಾಗೆ ಹೊರಟಿರುತ್ತದೆ.

ಕ್ಯಾಲೆಂಡರಿನಲ್ಲಿ ಇನ್ನೊಂದು ವಿಷಯ ನೋಡಿ. ಅಲ್ಲಿ ಪ್ರತಿ ಹುಣ್ಣಿಮೆಗೂ ರಜೆ, ಅದಕ್ಕೆ ‘ಪೋಯ’ ಎನ್ನುತ್ತಾರೆ. ಪೋಯ ಜೊತೆಗೆ ವಾರಾಂತ್ಯ ಸೇರಿದರೆ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಕಾರಿನ ಸಾಲು. ಆ ದಿನವನ್ನು ಪ್ರಯಾಣಕ್ಕೋ ಹಳ್ಳಿಯ ಕೆರೆ ನೋಡಲಿಕ್ಕೋ ಇಟ್ಟುಕೊಳ್ಳಿ.

ಹಂತ 2: ಎಷ್ಟು ಜನ, ಯಾವ ಗಾಡಿ

ನಾಲ್ಕು ಜನ ಸರಿಯಾದ ಲೆಕ್ಕ. ಐದನೆಯವರು ಬಂದರೆ ಒಬ್ಬರು ಯಾವಾಗಲೂ ನಡುವಿನ ಸೀಟಿನಲ್ಲಿ ಸಿಕ್ಕಿಹಾಕಿಕೊಂಡು ಕತ್ತು ಚಾಚುತ್ತಿರುತ್ತಾರೆ. ನಾಲ್ಕು ಜನ, ನಾಲ್ಕು ಬ್ಯಾಗ್, ಒಂದು ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು), ಟ್ರೈಪಾಡ್ ಇಷ್ಟಕ್ಕೆ ಸೆಡಾನ್ ಕಾರು ಸಾಲದು. ವ್ಯಾನ್ ತೆಗೆದುಕೊಳ್ಳಿ. ಅಗಲವಾದ ಕಿಟಕಿ, ಎತ್ತರದ ಸೀಟು, ಹಕ್ಕಿ ನೋಡುವವರಿಗೆ ಇದೇ ಬೇಕು.

ನೀವೇ ಓಡಿಸಬೇಕೇ, ಡ್ರೈವರ್ ಬೇಕೇ? ಮೊದಲ ಸಲ ಹೋಗುವವರಿಗೆ ನನ್ನ ಉತ್ತರ ಒಂದೇ, ಡ್ರೈವರ್ ಇರಲಿ. ಓಡಿಸುವವನು ಹಕ್ಕಿ ನೋಡುವ ಹಾಗಿಲ್ಲ, ನೋಡಿದರೆ ಗಾಡಿ ಹಳ್ಳದಲ್ಲಿ. ಗೆಳೆಯರಲ್ಲಿ ಒಬ್ಬನಿಗೆ ಆ ಶಿಕ್ಷೆ ಯಾಕೆ?

ನಾವೇ ಓಡಿಸ್ತೀವಿ ಅನ್ನುವವರು ಇಲ್ಲಿಯ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತೆಗೆದುಕೊಳ್ಳಬೇಕು. ಅದೊಂದೇ ಸಾಲದು. ಅಲ್ಲಿ ಅದಕ್ಕೆ ಸ್ಥಳೀಯ ಮಾನ್ಯತೆ ಹಾಕಿಸಬೇಕು, ಇಲ್ಲವೇ ತಾತ್ಕಾಲಿಕ ಲೈಸೆನ್ಸ್ ಪಡೆಯಬೇಕು. ಇದು ಇಲ್ಲದೆ ಅಪಘಾತವಾದರೆ ವಿಮೆ ಕೈಗೆ ಬರುವುದಿಲ್ಲ. ಗಾಡಿ ಕೊಡುವವರ ಹತ್ತಿರ ‘ಇದನ್ನು ಯಾರು ಮಾಡಿಸಿಕೊಡುತ್ತಾರೆ, ಎಷ್ಟು ದಿನ ಬೇಕು’ ಎಂದು ಬುಕಿಂಗ್‌ಗೆ ಮೊದಲೇ ಬರಹದಲ್ಲಿ ಕೇಳಿ. ‘ಪರವಾಗಿಲ್ಲ, ಯಾರೂ ಕೇಳಲ್ಲ’ ಅನ್ನುವ ಉತ್ತರ ಬಂತೋ, ಬೇರೆಯವರನ್ನು ನೋಡಿ.

ಡ್ರೈವರ್ ಜೊತೆ ಮೊದಲ ದಿನವೇ ಮಾತಾಡಿಕೊಳ್ಳಬೇಕಾದ್ದು ಮೂರು: ದಿನಾ ಬೆಳಿಗ್ಗೆ ಐದಕ್ಕೆ ಹೊರಡಬೇಕು, ಮಧ್ಯಾಹ್ನ ಅವರಿಗೆ ಎರಡು ಗಂಟೆ ನಿದ್ದೆಗೆ ಬಿಡುವು, ಕತ್ತಲಾದ ಮೇಲೆ ದೂರದ ಓಡಾಟವಿಲ್ಲ. ಅವರ ಊಟ, ಮಲಗುವ ಜಾಗ ಬಾಡಿಗೆಯಲ್ಲಿ ಸೇರಿದೆಯೇ ಎಂದೂ ಕೇಳಿ. ಎಷ್ಟೋ ಲಾಡ್ಜ್‌ಗಳಲ್ಲಿ ಡ್ರೈವರ್‌ಗೆ ಬೇರೆ ಕೋಣೆ ಇರುತ್ತದೆ, ಸಣ್ಣ ಹೋಂಸ್ಟೇಗಳಲ್ಲಿ ಇರುವುದಿಲ್ಲ. ನಿದ್ದೆಗೆಟ್ಟ ಡ್ರೈವರ್ ಜೊತೆ ಘಾಟಿ ಇಳಿಯುವುದು ಯಾರಿಗೂ ಬೇಡ.

ಹಂತ 3: ದಾರಿಯ ಅನುಕ್ರಮ

ಹತ್ತು ದಿನ ಇದ್ದರೆ ಹೀಗೆ ಸುತ್ತಿ: ಕಟುನಾಯಕೆ ವಿಮಾನ ನಿಲ್ದಾಣ, ಕಿತುಲ್‌ಗಲ, ಸಿಂಹರಾಜ, ತಿಸ್ಸಮಹಾರಾಮ, ನುವರ ಎಲಿಯಾ, ನೆಗೊಂಬೊ, ವಾಪಸ್. ರಾತ್ರಿಗಳ ಲೆಕ್ಕ ಕ್ರಮವಾಗಿ ಎರಡು, ಎರಡು, ಎರಡು, ಎರಡು, ಒಂದು. ಒಂದು ಊರಲ್ಲಿ ಎರಡು ರಾತ್ರಿ ಉಳಿದರೆ ಹೊರಡುವ ದಿನದ ಬೆಳಗೂ ಸೇರಿ ಎರಡು ಬೆಳಗು ಸಿಗುತ್ತವೆ. ಒಂದೇ ರಾತ್ರಿ ಉಳಿದರೆ ಸಿಗುವುದು ಒಂದೇ ಬೆಳಗು, ಅದೂ ಮಳೆಗೆ ಹೋಗಬಹುದು.

ಮೊದಲು ಕೊಲಂಬೊದಲ್ಲಿ ಒಂದು ದಿನ ಸುತ್ತಾಡೋಣ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಒಪ್ಪಬೇಡಿ. ಬಂದಿಳಿದ ದಿನವೇ ಕಿತುಲ್‌ಗಲ ಸೇರಿದರೆ ಮರುದಿನ ಬೆಳಗು ಮಳೆಕಾಡಿನಲ್ಲೇ ಸಿಗುತ್ತದೆ.

ತೇವದ ಕಾಡುಗಳನ್ನು ಮುಂದೆ ಇಡುವುದಕ್ಕೆ ಕಾರಣ ಇದೆ. ಈ ದ್ವೀಪದಲ್ಲಿ ಮಾತ್ರ ಇರುವ ಹಕ್ಕಿಗಳು ಮೂವತ್ತಕ್ಕೂ ಹೆಚ್ಚು. ಅವುಗಳಲ್ಲಿ ಕಷ್ಟದವು ಬಹುತೇಕ ಕಿತುಲ್‌ಗಲ ಮತ್ತು ಸಿಂಹರಾಜದಲ್ಲೇ. ಅಲ್ಲಿ ಮಳೆ ಒಂದು ಬೆಳಗನ್ನು ತಿಂದರೂ ಮುಂದಿನದರಲ್ಲಿ ಸರಿದೂಗಿಸಬಹುದು. ಕೊನೆಗೆ ಇಟ್ಟುಕೊಂಡು ಮಳೆ ಬಂದರೆ ಏನೂ ಮಾಡುವ ಹಾಗಿಲ್ಲ.

ಪ್ರಯಾಣದ ಹೊತ್ತು ಲೆಕ್ಕ ಹಾಕುವಾಗ ಮ್ಯಾಪ್ ತೋರಿಸಿದ್ದಕ್ಕೆ ಅರ್ಧದಷ್ಟು ಸೇರಿಸಿ. ದಕ್ಷಿಣದ ಎಕ್ಸ್‌ಪ್ರೆಸ್‌ವೇನಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಇದೆ ನಿಜ, ಆದರೆ ನಮ್ಮ ದಾರಿ ಅದರ ಮೇಲೆ ಹೆಚ್ಚು ಹೋಗುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿ.ಮೀ. ಹೋದರೆ ಅದೇ ದೊಡ್ಡದು. ತಿಸ್ಸಮಹಾರಾಮದಿಂದ ವೆಲ್ಲವಾಯ, ‘ಎಲ್ಲ’ ಎಂಬ ಊರು, ಬಂಡಾರವೇಲ ದಾರಿಯಲ್ಲಿ ನುವರ ಎಲಿಯಾ ಹತ್ತುವುದೇ ಒಂದು ದಿನದ ಕೆಲಸ ಅಂತ ಇಟ್ಟುಕೊಳ್ಳಿ.

ಹಂತ 4: ಕಾಗದ ಮತ್ತು ಬುಕಿಂಗ್

ಇಟಿಎ ಎಂಬ ಪ್ರವೇಶ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಿ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಹಾಗಾಗಿ ಸರ್ಕಾರದ ತಾಣವನ್ನೇ ನೋಡಿ. ಅದರ ಹೆಸರನ್ನೇ ಹೋಲುವ ಖಾಸಗಿ ತಾಣಗಳೂ ಇವೆ, ಸುಮ್ನೆ ದುಡ್ಡು ಕೀಳುತ್ತವೆ.

ಮೊದಲು ಬುಕ್ ಮಾಡಬೇಕಾದ್ದು ಸಿಂಹರಾಜದ ಕುಡಾವ ಗೇಟಿನ ಹತ್ತಿರದ ಕೋಣೆ. ಅಲ್ಲಿ ಲಾಡ್ಜ್‌ಗಳು ಕಡಿಮೆ. ‘ಸಿಂಹರಾಜ’ ಅಂತ ಹುಡುಕಿದರೆ ದೆನಿಯಾಯ ಕಡೆಯ ಲಾಡ್ಜ್‌ಗಳೂ ಬರುತ್ತವೆ. ಅದು ಅದೇ ಕಾಡಿನ ಇನ್ನೊಂದು ಮಗ್ಗುಲು, ರಸ್ತೆಯಲ್ಲಿ ಹೋದರೆ ಗಂಟೆಗಟ್ಟಲೆ ದೂರ. ಬುಕ್ ಮಾಡುವ ಮೊದಲು ‘ಕುಡಾವ ಟಿಕೆಟ್ ಕೌಂಟರಿಗೆ ಎಷ್ಟು ನಿಮಿಷ, ವ್ಯಾನ್ ಬಾಗಿಲವರೆಗೆ ಬರುತ್ತದೆಯೇ’ ಎಂದು ಕೇಳಿ. ಕೆಲವು ಕಡೆ ಕೊನೆಯ ದಾರಿಗೆ ಜೀಪೇ ಬೇಕು.

ಸಿಂಹರಾಜ ಅರಣ್ಯ ಇಲಾಖೆಯದು. ಹಾರ್ಟನ್ ಪ್ಲೇನ್ಸ್, ತಿಸ್ಸಮಹಾರಾಮದ ಹತ್ತಿರದ ಬುಂದಲ ಉದ್ಯಾನ ವನ್ಯಜೀವಿ ಇಲಾಖೆಯವು. ಟಿಕೆಟ್, ಸಮಯ, ನಿಯಮ ಬೇರೆ ಬೇರೆ. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆಗೆ ಅನ್ವಯಿಸಬೇಡಿ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಸಾರ್ಕ್ ದೇಶದವರಿಗೆ ರಿಯಾಯಿತಿ ಉಂಟಾ ಎಂದು ಪ್ರತಿ ಕೌಂಟರಿನಲ್ಲೂ ಕೇಳಿ. ಡ್ರೋನ್ ಮನೆಯಲ್ಲೇ ಬಿಡಿ.

ಹಂತ 5: ಚೀಲದಲ್ಲಿ ಏನಿರಬೇಕು

ಬೈನಾಕ್ಯುಲರ್ ಒಬ್ಬೊಬ್ಬರಿಗೆ ಒಂದು, 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಇರುವಂಥದ್ದು) ಆದರೆ ಒಳ್ಳೆಯದು. ‘ಇಬ್ಬರಿಗೆ ಒಂದು ಸಾಕು’ ಅಂದವರ ಗೆಳೆತನ ಎರಡನೇ ದಿನಕ್ಕೆ ಅಲುಗಾಡುತ್ತದೆ. ಸ್ಕೋಪ್ ಇಡೀ ಗುಂಪಿಗೆ ಒಂದು ಸಾಕು, ಬುಂದಲದಲ್ಲಿ ಅದು ಇಲ್ಲದಿದ್ದರೆ ಆಗುವುದಿಲ್ಲ.

ಕೊಡೆ ತನ್ನಿ. ಮಳೆಕಾಡಿನಲ್ಲಿ ರೇನ್‌ಕೋಟ್ ಹಾಕಿದರೆ ಒಳಗಡೆ ಬೆವರಿನ ಮಳೆ, ನಡೆದಾಗ ಸರಬರ ಸದ್ದು ಬೇರೆ. ಕೊಡೆ ಹಿಡಿದುಕೊಂಡು ನಿಂತೇ ಹಕ್ಕಿ ನೋಡಬಹುದು.

ಉಂಬಳಕ್ಕೆ (ಜಿಗಣೆಗೆ) ಮೊಣಕಾಲುದ್ದದ, ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲ ಬೇಕು. ಪ್ಯಾಂಟನ್ನು ಅದರೊಳಗೆ ಸೇರಿಸಿ ಕಟ್ಟಿ. ಮಾಮೂಲಿ ಹತ್ತಿ ಸಾಕ್ಸ್ ಮೂಲಕ ಉಂಬಳ ಆರಾಮಾಗಿ ತೂರುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ, ಬಯಲುಸೀಮೆಯ ಗೆಳೆಯರಿಗೆ ಮೊದಲೇ ಹೇಳಿ. ಕಚ್ಚಿದ ಉಂಬಳವನ್ನು ಸುಡಬೇಡಿ, ಜಗ್ಗಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಅದು ಸಹಜ.

ನುವರ ಎಲಿಯಾಗೆ ಸ್ವೆಟರ್, ಉಣ್ಣೆಯ ಟೋಪಿ ಬೇಕು. ಹಾರ್ಟನ್ ಪ್ಲೇನ್ಸ್ 2,100 ಮೀಟರಿಗೂ ಎತ್ತರ, ಜನವರಿ, ಫೆಬ್ರವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಕೂರುವುದುಂಟು. ‘ಲಂಕಾ ಅಂದರೆ ಸೆಕೆ’ ಅಂದುಕೊಂಡು ಟಿ ಶರ್ಟಲ್ಲಿ ಹೋದವರು ಗಾಡಿಯಿಂದ ಇಳಿಯುವುದೇ ಇಲ್ಲ.

ಚಾರ್ಜಿಂಗ್‌ಗೆ ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್ ಕೆಲವು ಕಡೆ ನಡೆಯುತ್ತದೆ, ಹಲವು ಕಡೆ ಮೂರು ಚಪ್ಪಟೆ ಕಡ್ಡಿಯದು ಬೇಕು. ಅಡಾಪ್ಟರ್ ಇರಲಿ.

ಹಂತ 6: ಹೊರಡುವ ಮೊದಲು ಹೋಂವರ್ಕ್

ಇಲ್ಲಿ ಎಡವುವವರು ಹೊಸಬರಲ್ಲ, ಪಶ್ಚಿಮ ಘಟ್ಟದಲ್ಲಿ ಚೆನ್ನಾಗಿ ಹಕ್ಕಿ ನೋಡಿದವರು. ದನಿ ಕೇಳಿದ ಕೂಡಲೇ ಗೊತ್ತಿರುವ ಹೆಸರು ಹೇಳಿಬಿಡುತ್ತಾರೆ.

ನಮ್ಮಲ್ಲಿ ದಿನವಿಡೀ ‘ಕುಟ್ರೂ ಕುಟ್ರೂ’ ಅನ್ನುವ ಬಿಳಿಗೆನ್ನೆಯ ಕುಟ್ರ ಅಲ್ಲಿಲ್ಲ. ಅದೇ ಥರ ಕೂಗುವುದು ಕಂದು ತಲೆಯ ಕುಟ್ರ ಅಥವಾ ಅಲ್ಲಿಯದೇ ಆದ ಹಳದಿ ಹಣೆಯ ಕುಟ್ರ. ನಮ್ಮ ಬೂದು ಕಾಡುಕೋಳಿಯ ಬದಲು ಲಂಕಾ ಕಾಡುಕೋಳಿ, ಹುಂಜದ ಕೆಂಪು ಜುಟ್ಟಿನ ನಡುವೆ ಹಳದಿ ಇರುತ್ತದೆ. ಮಲಬಾರ್ ಬೂದು ಮಂಗಟ್ಟೆಯ ಜಾಗದಲ್ಲಿ ಲಂಕಾ ಬೂದು ಮಂಗಟ್ಟೆ. ದಾಂಡೇಲಿಯಲ್ಲಿ ನೋಡುವ ಮಲಬಾರ್ ಪೈಡ್ ಮಂಗಟ್ಟೆ ಮಾತ್ರ ಒಣ ಭಾಗದಲ್ಲಿ ಅದೇ ಹಕ್ಕಿ.

ನಿಜವಾಗಿ ತಲೆಕೆಡಿಸುವವು ಒಂದೇ ಕಾಡಲ್ಲಿರುವ ಜೋಡಿಗಳು. ಬೆಟ್ಟದ ಮೈನಾ ಎರಡು ಬಗೆ: ನಮ್ಮಲ್ಲೂ ಇರುವುದಕ್ಕೆ ಮುಖದ ಮೇಲೂ ಹಳದಿ ಚರ್ಮವಿದೆ, ಲಂಕಾದ್ದಕ್ಕೆ ಕತ್ತಿನ ಹಿಂಭಾಗದಲ್ಲಿ ಮಾತ್ರ. ಕೆಂಬೂತವೂ ಎರಡು. ಕೊಕ್ಕು ಕಪ್ಪಿದ್ದರೆ ನಮ್ಮದೇ ಕೆಂಬೂತ, ತಿಳಿ ಹಸಿರಿದ್ದರೆ ನೀವು ಅಷ್ಟು ದೂರ ನೋಡಲು ಬಂದ ಲಂಕಾದ ಹಕ್ಕಿ.

ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇಬರ್ಡ್ ತಾಣದಲ್ಲಿ ನೀವು ಹೋಗುವ ತಿಂಗಳ ಪಟ್ಟಿ ತೆಗೆದು, ಪ್ರತಿ ಜಾಗಕ್ಕೆ ಎಂಟು ಹಕ್ಕಿ ಆರಿಸಿ. ಅವುಗಳ ದನಿಯನ್ನು ಆಫೀಸಿಗೆ ಹೋಗುವಾಗ ಕೇಳುತ್ತಿರಿ. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನಲ್ಲಿ ಆ ಪ್ರದೇಶದ ಪ್ಯಾಕ್, ಜೊತೆಗೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಸಿಂಹರಾಜದ ಹತ್ತಿರ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಹಂತ 7: ಗಾಡಿಯೊಳಗಿನ ಕಟ್ಟಳೆ

ಕಿಟಕಿ ಸೀಟು ದಿನಾ ಬದಲಾಗಬೇಕು, ಮುಂದಿನ ಸೀಟೂ ಸೇರಿ. ಹಣ ಒಬ್ಬರ ಕೈಯಲ್ಲಿ, ಪಟ್ಟಿ ಒಬ್ಬರ ಕೈಯಲ್ಲಿ, ದಾರಿ ಒಬ್ಬರ ಕೈಯಲ್ಲಿ, ಬೆಳಗಿನ ತಿಂಡಿಯ ಪೊಟ್ಟಣದ ಜವಾಬ್ದಾರಿ ಒಬ್ಬರದು. ಈ ನಾಲ್ಕನೇ ಕೆಲಸವನ್ನು ಹಗುರವಾಗಿ ನೋಡಬೇಡಿ. ಐದಕ್ಕೆ ಹೊರಡುವಾಗ ಅಡುಗೆಮನೆ ತೆರೆದಿರುವುದಿಲ್ಲ. ಹಿಂದಿನ ರಾತ್ರಿಯೇ ಹೇಳಿಡಬೇಕು.

ಸಸ್ಯಾಹಾರಿಗಳು ಗಮನಿಸಿ. ತರಕಾರಿ ಪಲ್ಯ, ತೆಂಗಿನಕಾಯಿ ಸಂಬಲ್‌ಗೂ ಒಣಮೀನಿನ ಚೂರು ಹಾಕುವ ರೂಢಿ ಅಲ್ಲಿದೆ, ಅದನ್ನು ‘ಉಂಬಲಕಡ’ ಎನ್ನುತ್ತಾರೆ. ‘ವೆಜ್’ ಅಂದರೆ ಸಾಲದು, ಉಂಬಲಕಡ ಬೇಡ ಅಂತಲೇ ಹೇಳಿ.

ಹಕ್ಕಿ ಕಂಡರೆ ‘ಅಲ್ಲಿ, ಅಲ್ಲಿ!’ ಅನ್ನುವುದರಿಂದ ಯಾರಿಗೂ ಏನೂ ಕಾಣುವುದಿಲ್ಲ. ಗಾಡಿಯ ಮೂತಿ ಹನ್ನೆರಡು ಗಂಟೆ ಅಂದುಕೊಂಡು ‘ಎರಡು ಗಂಟೆ, ಒಣ ಮರ, ಮೇಲಿಂದ ಮೂರನೇ ಕೊಂಬೆ’ ಎಂದು ಹೇಳಿ. ಡ್ರೈವರ್‌ಗೆ ‘ನವತ್ತನ್ನ’ ಅಂದರೆ ನಿಲ್ಲಿಸಿ ಎಂದರ್ಥ. ಬ್ರೇಕ್ ಹಾಕಿಸುವ ಮೊದಲು ಹಿಂದೆ ಬಸ್ ಇದೆಯೇ ನೋಡಿ. ಅಲ್ಲಿಯ ಬಸ್ಸುಗಳು ಯಾರಿಗೂ ಕಾಯುವುದಿಲ್ಲ.

ಕ್ಯಾಮೆರಾದವರು ಮತ್ತು ಪಟ್ಟಿಯವರು ಒಂದೇ ಗಾಡಿಯಲ್ಲಿದ್ದರೆ ಮೊದಲೇ ಒಪ್ಪಂದ ಆಗಲಿ. ಎಲ್ಲರೂ ಒಮ್ಮೆ ನೋಡಿದ ಮೇಲೆ ಫೋಟೊಗೆ ಹತ್ತು ನಿಮಿಷ. ಆಮೇಲೆ ಹೊರಡುವುದು.

ಹಂತ 8: ಮಳೆಕಾಡಿನಲ್ಲಿ ನಿಲ್ಲುವುದು

ಕಿತುಲ್‌ಗಲದಲ್ಲಿ ಕೆಳನಿ ಹೊಳೆ ದಾಟಿ ಮಕಂದಾವ ಕಾಡಿನ ಅಂಚಿನಲ್ಲಿ ನಡೆಯಬೇಕು. ಸಿಂಹರಾಜಕ್ಕೆ ಹೋಗುವ ಮೊದಲು ನಗದು ತೆಗೆದಿಟ್ಟುಕೊಳ್ಳಿ, ರತ್ನಪುರ ಅಥವಾ ಕಲವಾನದಲ್ಲೇ. ಕುಡಾವದಲ್ಲಿ ಇಲಾಖೆಯ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ‘ನಮಗೆ ಹಕ್ಕಿ ನೋಡಬೇಕು, ಜಲಪಾತ ಬೇಡ’ ಎಂದು ಕೌಂಟರಿನಲ್ಲೇ ಹೇಳಿ, ಹಕ್ಕಿ ಬಲ್ಲವರನ್ನು ಕೊಡುತ್ತಾರೆ.

ಒಂದು ಸಣ್ಣ ವಿಷಯ, ಇದರಲ್ಲಿ ಎಷ್ಟೋ ಬೆಳಗು ಹಾಳಾಗುತ್ತವೆ. ರಾತ್ರಿ ಎಸಿ ಕೋಣೆಯಲ್ಲಿಟ್ಟ ಬೈನಾಕ್ಯುಲರನ್ನು ಬೆಳಿಗ್ಗೆ ಹೊರಗೆ ತೆಗೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಅದು ಆರುವ ಹೊತ್ತಿಗೆ ಹಕ್ಕಿ ಹೋಗಿರುತ್ತದೆ. ರಾತ್ರಿ ಎಸಿ ಹಾಕಬೇಡಿ, ಅಥವಾ ಏಳುತ್ತಲೇ ಚೀಲವನ್ನು ವರಾಂಡಕ್ಕೆ ಇಡಿ.

ಸಿಂಹರಾಜದಲ್ಲಿ ಎಲ್ಲರೂ ಮಾಡುವ ತಪ್ಪು ನಡೆಯುತ್ತಲೇ ಇರುವುದು. ಅಲ್ಲಿ ಹಕ್ಕಿಗಳು ಹಿಂಡಾಗಿ ಬರುತ್ತವೆ. ಅರ್ಧ ಗಂಟೆ ಕಾಡಿನಲ್ಲಿ ಏನೂ ಇಲ್ಲ ಅನಿಸುತ್ತದೆ. ಆಮೇಲೆ ದೂರದಲ್ಲಿ ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ ಕೇಳುತ್ತದೆ, ಜೊತೆಗೆ ಜುಟ್ಟಿನ ಕಾಜಾಣದ ಲೋಹದಂಥ ಕೂಗು. ಹಿಂಡಿನ ಸೂಚನೆ ಇದೇ. ಹತ್ತು ಹನ್ನೆರಡು ಜಾತಿಯ ನಲವತ್ತರ ಆಸುಪಾಸು ಹಕ್ಕಿಗಳು ಒಟ್ಟಿಗೆ ದಾಟಿ ಹೋಗುತ್ತವೆ. ನಿಮ್ಮ ಕೈಗೆ ಸಿಗುವುದು ಕೆಲವೇ ನಿಮಿಷ.

ಆಗ ಓಡಬೇಡಿ. ದಾರಿಯ ತಿರುವಿನಲ್ಲಿ, ಆಕಾಶ ಸ್ವಲ್ಪ ಕಾಣುವ ಕಡೆ ನಿಂತುಬಿಡಿ. ಕೆಲಸ ಹಂಚಿಕೊಳ್ಳಿ: ಇಬ್ಬರು ಮರದ ನೆತ್ತಿ ನೋಡಲಿ, ಕೆಂಪು ಮುಖದ ಮಲ್ಕೋಹ ಅಲ್ಲೇ ಎಲೆ ಸಂದಿಯಲ್ಲಿ ಸರಿದಾಡುತ್ತದೆ. ಒಬ್ಬರು ನಡುವಿನ ಕೊಂಬೆಗಳನ್ನು, ಅಲ್ಲಿ ಮಲಬಾರ್ ಟ್ರೋಗನ್ ಅಲುಗದೆ ಕೂತಿರಬಹುದು. ಒಬ್ಬರು ಹಿಂಡಿನ ಬಾಲವನ್ನು, ಅಂದರೆ ಕೊನೆಗೆ ಬರುವವನ್ನು. ನೀಲಿ ಮ್ಯಾಗ್‌ಪೈ ಬಗ್ಗೆ ಚಿಂತೆ ಬೇಡ, ಅದು ಕ್ಯಾಂಟೀನಿನ ಹತ್ತಿರವೇ ಬಂದು ಕಾಣಿಸಿಕೊಳ್ಳುವುದುಂಟು.

ಸೆರೆಂಡಿಬ್ ಸ್ಕಾಪ್ಸ್ ಗೂಬೆ ಎಲ್ಲರಿಗೂ ಬೇಕು. 2004ರಲ್ಲಿ ಹೊಸ ಜಾತಿ ಎಂದು ಹೆಸರು ಪಡೆದ ಪುಟ್ಟ, ಇಟ್ಟಿಗೆ ಬಣ್ಣದ ಗೂಬೆ ಇದು. ಹಗಲಲ್ಲಿ ಅದು ಮಲಗುವ ಜಾಗವನ್ನು ಊರಿನ ಗೈಡ್‌ಗಳೇ ಹುಡುಕಿಟ್ಟಿರುತ್ತಾರೆ. ಸಿಕ್ಕರೆ ಒಬ್ಬೊಬ್ಬರಾಗಿ ನೋಡಿ ಹಿಂದೆ ಸರಿಯಿರಿ, ಫ್ಲ್ಯಾಶ್ ಬೇಡ. ಗೈಡ್ ಮೊಬೈಲಿನಿಂದ ಮತ್ತೆ ಮತ್ತೆ ದನಿ ಹಾಕಿ ಕರೆಯುತ್ತಿದ್ದರೆ ಸಾಕು ಅನ್ನಿ. ನಿಮಗಾಗಿಯೇ ಅವರು ಹಾಗೆ ಮಾಡುವುದು, ನೀವು ಬೇಡ ಅಂದರೆ ನಿಲ್ಲಿಸುತ್ತಾರೆ.

ಹಂತ 9: ಒಣ ಭಾಗ ಮತ್ತು ಆನೆಗಳು

ರಕ್ವಾನ, ಎಂಬಿಲಿಪಿಟಿಯ ದಾಟಿ ಇಳಿದರೆ ನೆಲವೇ ಬದಲಾಗುತ್ತದೆ. ತಿಸ್ಸಮಹಾರಾಮದ ಸುತ್ತ ಕೆರೆಗಳಿವೆ, ದಂಡೆಯ ಮೇಲೆ ನಡೆದೇ ನೋಡಬಹುದು.

ಇಲ್ಲಿಗೆ ಬಂದರೆ ಎಲ್ಲರೂ ‘ಯಾಲ’ ರಾಷ್ಟ್ರೀಯ ಉದ್ಯಾನ ಅನ್ನುತ್ತಾರೆ. ಹಕ್ಕಿಗಾಗಿ ಬಂದವರು ಆ ಬೆಳಗನ್ನು ಬುಂದಲಕ್ಕೆ ಕೊಡಿ ಅನ್ನುವುದು ನನ್ನ ಮಾತು. ಯಾಲದ ಜನಪ್ರಿಯ ಭಾಗದಲ್ಲಿ ಜೀಪುಗಳು ಚಿರತೆಯ ಹಿಂದೆ ಓಡುತ್ತವೆ, ಹಕ್ಕಿಗೆ ನಿಲ್ಲಿಸಿ ಅಂದರೆ ಚಾಲಕರ ಮುಖ ನೋಡಬೇಕು. ಬುಂದಲ 1990ರಲ್ಲಿ ಆ ದೇಶದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು. ಹಿನ್ನೀರು, ಕೆಸರು, ಉಪ್ಪಿನ ಗದ್ದೆ, ಚಳಿಗಾಲದಲ್ಲಿ ರಾಶಿ ರಾಶಿ ಕಡಲಂಚಿನ ಹಕ್ಕಿ. ಗೇಟ್ ತೆರೆಯುವ ಹೊತ್ತಿಗೇ ಒಳಗಿರಿ, ಒಂಬತ್ತರ ಮೇಲೆ ಬಿಸಿಲ ಝಳಕ್ಕೆ ಸ್ಕೋಪಿನಲ್ಲಿ ಎಲ್ಲ ಹಕ್ಕಿಯೂ ಕುಣಿಯುತ್ತವೆ.

ಇಲ್ಲಿ ಎಚ್ಚರಿಕೆ ರಸ್ತೆಯ ಮೇಲಿನ ಆನೆಗಳದ್ದು. ಬುತ್ತಲ ಮತ್ತು ಕತರಗಾಮ ನಡುವಿನ ದಾರಿಯಲ್ಲಿ, ಉಡವಲವೆ ಉದ್ಯಾನದ ಬೇಲಿಯ ಪಕ್ಕದಲ್ಲಿ, ತಿಂಡಿಗೆ ಗಾಡಿ ತಡೆಯುವ ಆನೆಗಳಿವೆ. ಹಣ್ಣು ಕೊಡಬೇಡಿ, ಇಳಿಯಬೇಡಿ. ತಿನ್ನುವ ವಸ್ತು ಸೀಟಿನ ಮೇಲೆ ಕಾಣುವ ಹಾಗೆ ಇಡಬೇಡಿ. ಎದುರಿನ ಗಾಡಿಗಳು ಲೈಟ್ ಮಿನುಗಿಸಿದರೆ ಮುಂದೆ ಆನೆ ಇರಬಹುದು. ನಿಂತು ನೋಡಿ, ದಾರಿ ಬಿಟ್ಟ ಮೇಲೆ ಹೊರಡಿ. ಸಂಜೆ ಆರರ ನಂತರ ಈ ಭಾಗದಲ್ಲಿ ಓಡಾಟವೇ ಬೇಡ.

ಹಂತ 10: ನುವರ ಎಲಿಯಾ, ಸಂಜೆ ಮೊದಲು ಬೆಳಗು ಆಮೇಲೆ

ಮೇಲೆ ಹತ್ತಿದ ಸಂಜೆಯೇ ಊರ ನಡುವಿನ ವಿಕ್ಟೋರಿಯಾ ಪಾರ್ಕಿಗೆ ಹೋಗಿ. ಪಾರ್ಕ್ ಅಂಚಿನಲ್ಲಿ ಒಂದು ಹಳ್ಳ ಹರಿಯುತ್ತದೆ, ಚರಂಡಿ ಅಂದರೂ ಸರಿ. ಪ್ರವಾಸಿಗರು ಮೂಗು ಮುಚ್ಚಿಕೊಂಡು ದಾಟುವ ಜಾಗ. ಹಕ್ಕಿ ನೋಡುವವರು ಅಲ್ಲೇ ನಿಲ್ಲುವುದು. ಬೆಳಕು ಇಳಿಯುವಾಗ ಪೈಡ್ ಥ್ರಷ್ ಒದ್ದೆ ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತಾ ಬರುತ್ತದೆ, ನವರಂಗ ಪೊದೆಯ ಬುಡದಲ್ಲಿ ಕುಪ್ಪಳಿಸುತ್ತದೆ. ಕಾಶ್ಮೀರ ನೊಣಹಿಡುಕ ಮೇಲಿನ ಕೊಂಬೆಗಳಲ್ಲಿ. ಮೂರೂ ಚಳಿಗಾಲದ ಅತಿಥಿಗಳು, ಏಪ್ರಿಲ್‌ಗೆ ಹೋದವರಿಗೆ ಸಿಗುವುದು ಕಷ್ಟ.

ಮರುದಿನ ಹಾರ್ಟನ್ ಪ್ಲೇನ್ಸ್. ಗೇಟ್ ಆರಕ್ಕೆ ತೆರೆಯುತ್ತದೆ, ಪಟ್ಟಿಪೊಲ ಮಾರ್ಗದಲ್ಲಿ ಸುಮಾರು ಒಂದು ಗಂಟೆಯ ದಾರಿ. ನಾಲ್ಕೂಮುಕ್ಕಾಲಿಗೆ ಹೊರಡಿ. ಹೆಚ್ಚಿನವರು ನೇರ ‘ವರ್ಲ್ಡ್ಸ್ ಎಂಡ್’ ಪ್ರಪಾತಕ್ಕೆ ಓಡುತ್ತಾರೆ. ನೀವು ದಾರಿ ಪಕ್ಕದ ಅರೆಂಗ ಕೊಳದ ಹತ್ತಿರ ನಿಲ್ಲಿಸಿ. ಲಂಕಾ ಶಿಳ್ಳೆ ಥ್ರಷ್ ನಸುಕಿನಲ್ಲೇ ನೀರಿನ ಅಂಚಿಗೆ ಬಂದು ಮರೆಯಾಗುತ್ತದೆ. ಬಿಸಿಲು ಬಿದ್ದ ಮೇಲೆ ಹಳದಿ ಕಿವಿಯ ಪಿಕಳಾರ, ಮಾಸಲು ನೀಲಿ ನೊಣಹಿಡುಕ ಸುಲಭವಾಗಿ ಸಿಗುತ್ತವೆ. ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಇದೆ, ತಿಂಡಿಯನ್ನು ಡಬ್ಬಿಯಲ್ಲಿ ಒಯ್ಯಿರಿ.

ಈ ಭಾಗದಲ್ಲಿ ಎರಡು ದಿನ ಬಿಡದೆ ಮಳೆ ಹಿಡಿದರೆ ಗುಡ್ಡ ಕುಸಿತದ ಎಚ್ಚರಿಕೆ ನೋಡಿ. ಅಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಮಟ್ಟ. ಹಳದಿ ಬಂದಾಗಲೇ ಲಾಡ್ಜಿನವರನ್ನು ದಾರಿ ಹೇಗಿದೆ ಎಂದು ಕೇಳಿ. ಕಿತ್ತಳೆ ಬಂದರೆ ಆ ದಿನದ ಪ್ರಯಾಣ ಬಿಡಿ, ಹಕ್ಕಿ ಎಷ್ಟೇ ಬಾಕಿ ಇರಲಿ. ಆಂಬುಲೆನ್ಸ್ ನಂಬರ್ 1990, ಪೊಲೀಸ್ 119. ಎಲ್ಲರ ಫೋನಿನಲ್ಲೂ ಇರಲಿ.

ಹಂತ 11: ಕೊನೆಯ ರಾತ್ರಿ

ನುವರ ಎಲಿಯಾದಿಂದ ಇಳಿದು ಅದೇ ರಾತ್ರಿ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಕ್ಯಾಂಡಿಯ ಟ್ರಾಫಿಕ್ ನಿಮ್ಮ ಟಿಕೆಟ್ ನೋಡುವುದಿಲ್ಲ. ನೆಗೊಂಬೊದಲ್ಲಿ ಉಳಿಯಿರಿ, ವಿಮಾನ ನಿಲ್ದಾಣ ಹತ್ತಿರ. ಹಣದ ಲೆಕ್ಕ ಅಲ್ಲೇ ಚುಕ್ತಾ ಮಾಡಿ, ಇಬರ್ಡ್ ಪಟ್ಟಿಯನ್ನು ಎಲ್ಲರಿಗೂ ಹಂಚಿ. ಶೂಗಳನ್ನು ಬ್ರಷ್ ಹಾಕಿ ತೊಳೆಯಿರಿ, ಒಂದು ಕಾಡಿನ ಮಣ್ಣು, ಬೀಜ ಇನ್ನೊಂದು ಕಾಡಿಗೆ ಹೋಗಬಾರದು. ಮರುದಿನ ಬೆಳಿಗ್ಗೆ ಮುತ್ತುರಾಜವೆಲ ಜೌಗಿನಲ್ಲಿ ದೋಣಿ ಹತ್ತಬಹುದು, ಮಿಂಚುಳ್ಳಿ, ಬಕಗಳಿಗೆ ಒಳ್ಳೆಯ ಜಾಗ. ಅದು ಬೇಕಿದ್ದರೆ ಮಧ್ಯಾಹ್ನ ಎರಡರ ನಂತರದ ವಿಮಾನವನ್ನೇ ಮೊದಲಿಂದ ಬುಕ್ ಮಾಡಿರಬೇಕು.